ರೈಲು ನಿಲ್ಲಿಸಿದವರು, ರೈಲು ತಂದವರು



ಕಾರ್ಮಿಕ ಸಂಘ ಕಟ್ಟಿದವರು ಮಂತ್ರಿಯಾಗುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ವಿ.ವಿ. ಗಿರಿಯವರು ರೈಲ್ವೆ ನೌಕರರನ್ನು ಸಂಘಟಿಸಿ ಹೆಸರು ಮಾಡಿದವರು, ಆಮೇಲೆ ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಯಾದರು. ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಸರ್ಕಾರ ತಿದ್ದಿತೆಂದು 1954ರಲ್ಲಿ ಆ ಪದವಿಯನ್ನೇ ಬಿಟ್ಟು ಹೊರಬಂದರು. ಮುಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು, ರಾಷ್ಟ್ರಪತಿಯೂ ಆದರು. ಆದರೆ ಸಂಘದ ಬಾವುಟ ಹಿಡಿದ ಕೈ ಮಂತ್ರಿಯ ಸಹಿಯನ್ನೂ ಹಾಕಬೇಕಾಗಿ ಬಂದಾಗ ಏನೇನಾಗುತ್ತದೆ ಎಂಬುದನ್ನು ಪೂರ್ತಿಯಾಗಿ ನೋಡಬೇಕೆಂದರೆ ನಾವು ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರ ಬದುಕನ್ನೇ ನೋಡಬೇಕು. 1974ರಲ್ಲಿ ದೇಶದ ರೈಲುಗಳನ್ನು ನಿಲ್ಲಿಸಲು ಕರೆ ಕೊಟ್ಟವರೂ ಅವರೇ, 1989ರಲ್ಲಿ ಅದೇ ರೈಲ್ವೆಗೆ ಮಂತ್ರಿಯಾದವರೂ ಅವರೇ. ಕೇಳುವ ಸಾಲಿನಲ್ಲಿ ನಿಂತು ದೊಡ್ಡವರಾದವರು ಕೊಡುವ ಕುರ್ಚಿಯಲ್ಲಿ ಕೂತಾಗ ಹೇಗೆ ನಡೆದುಕೊಂಡರು? ಇವತ್ತಿನ ನನ್ನ ಮಾತು ಅದರ ಬಗ್ಗೆ.

ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನ ಒಂದು ಕೊಂಕಣಿ ಕ್ರೈಸ್ತ ಕುಟುಂಬದಲ್ಲಿ. ಆರು ಗಂಡುಮಕ್ಕಳಲ್ಲಿ ಹಿರಿಯವರು. ತಾಯಿ ಆಲಿಸ್ ಅವರಿಗೆ ಐದನೆಯ ಜಾರ್ಜ್ ದೊರೆಯ ಮೇಲೆ ಅಭಿಮಾನ. ದೊರೆಯ ಹುಟ್ಟಿದ ದಿನವೂ ಜೂನ್ 3. ಹಾಗಾಗಿ ಮಗನಿಗೆ ಆ ಹೆಸರು. ಮನೆಯವರ ಆಸೆ ಹಿರಿಯ ಮಗ ಪಾದ್ರಿಯಾಗಬೇಕೆಂದು. 16ನೆಯ ವಯಸ್ಸಿನಲ್ಲಿ ಹುಡುಗನನ್ನು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸಿದರು. ಅಲ್ಲಿ ಎರಡೂವರೆ ವರ್ಷ ತತ್ವಶಾಸ್ತ್ರ, ಲ್ಯಾಟಿನ್ ಎಲ್ಲ ಓದಿದ್ದಾಯಿತು. ಆದರೆ ಅವರ ಕಣ್ಣು ಬಿದ್ದದ್ದು ಊಟದ ಮನೆಯ ಮೇಲೆ. ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ. ಕಲಿಯುವ ಹುಡುಗರಿಗೆ ಕೆಳಗಿನ ಮೇಜು, ಬೇರೆ ಊಟ. ಪಾಠದಲ್ಲಿ ಹೇಳುವುದಕ್ಕೂ ಪಂಕ್ತಿಯಲ್ಲಿ ಬಡಿಸುವುದಕ್ಕೂ ತಾಳೆಯಾಗದ್ದನ್ನು ಕಂಡು ಅಲ್ಲಿಂದ ಹೊರಬಿದ್ದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಊರಿಗೆ ಬಂದ ಹುಡುಗನಿಗೆ ಅಮ್ಮೆಂಬಳ ಬಾಳಪ್ಪನವರಂಥ ಸಮಾಜವಾದಿಗಳ ಸಂಗ ಸಿಕ್ಕಿತು. ಮೊದಲು ಸಂಘ ಕಟ್ಟಿದ್ದು ಮಂಗಳೂರಿನ ಹೋಟೆಲ್ ಕೆಲಸಗಾರರದು ಮತ್ತು ಬಸ್ಸು ಲಾರಿಗಳಲ್ಲಿ ದುಡಿಯುವವರದು. ಇದನ್ನು ಸ್ವಲ್ಪ ಗಮನಿಸಿ. ಕಾರ್ಖಾನೆಯ ಕೆಲಸಗಾರನಿಗೆ ಒಂದು ಗೇಟು ಇರುತ್ತದೆ, ಒಂದು ಸೈರನ್ನು ಇರುತ್ತದೆ. ಸಂಜೆ ಐದಕ್ಕೆ ಗೇಟಿನ ಮುಂದೆ ನಿಂತರೆ ಸಾವಿರ ಜನ ಒಟ್ಟಿಗೆ ಸಿಗುತ್ತಾರೆ. ಹೋಟೆಲ್ ಮಾಣಿಗೆ ಅಂಥದ್ದೇನೂ ಇಲ್ಲ. ಒಂದು ಹೋಟೆಲಿನಲ್ಲಿ ನಾಲ್ಕು ಜನ, ಇನ್ನೊಂದರಲ್ಲಿ ಆರು ಜನ. ಅಂಗಡಿ ಮುಚ್ಚಿದ ಮೇಲೆ ಅದೇ ಬೆಂಚಿನ ಮೇಲೆ ಮಲಗುವವರು, ಸಂಬಳ ಕೇಳಿದರೆ ಬೆಳಿಗ್ಗೆಗೆ ಕೆಲಸವೇ ಇಲ್ಲದವರು. ಅಂಥವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹಿಡಿದು ಒಟ್ಟುಗೂಡಿಸುವುದು ಸಂಘಟನೆಯಲ್ಲೇ ಅತ್ಯಂತ ಕಷ್ಟದ ಕೆಲಸ. ಜಾರ್ಜ್ ಆ ಪಾಠದಿಂದಲೇ ಶುರುಮಾಡಿದರು. ಆ ದಿನಗಳಲ್ಲೇ ‘ಕೊಂಕಣಿ ಯುವಕ್’ ಎಂಬ ಮಾಸಿಕವನ್ನೂ ಕನ್ನಡದಲ್ಲಿ ‘ರೈತವಾಣಿ’ ಎಂಬ ವಾರಪತ್ರಿಕೆಯನ್ನೂ ಸಂಪಾದಿಸಿದರು.

ಆಮೇಲೆ ಮುಂಬಯಿ. ಕರಾವಳಿಯ ಸಾವಿರಾರು ಹುಡುಗರು ಹಿಡಿದ ದಾರಿಯನ್ನೇ ಅವರೂ ಹಿಡಿದರು. ಕೈಯಲ್ಲಿ ಕಾಸಿಲ್ಲ, ಚೌಪಾಟಿಯ ಬೆಂಚುಗಳ ಮೇಲೆ ರಾತ್ರಿ ಕಳೆದರು. ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ಪ್ರಬಲ ಮುಂದಾಳು ಪ್ಲಾಸಿಡ್ ಡಿಮೆಲ್ಲೊ ಅವರ ಗರಡಿಗೆ ಸೇರಿದ್ದು ಅಲ್ಲೇ. ಡಿಮೆಲ್ಲೊ ಕೂಡ ನಮ್ಮ ಕರಾವಳಿಯವರೇ. ಮುಂಬಯಿಯ ಬಂದರಿನ ಪಕ್ಕದ ದೊಡ್ಡ ರಸ್ತೆಗೆ ಇವತ್ತಿಗೂ ಅವರದೇ ಹೆಸರಿದೆ. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಆ ಭಾರದಲ್ಲಿ ಹೆಚ್ಚಿನ ಪಾಲು ಜಾರ್ಜ್ ಹೆಗಲಿಗೆ ಬಂತು. ಊರಿನ ಕಸ ಎತ್ತುವ ನಗರಪಾಲಿಕೆಯ ಕಾರ್ಮಿಕರು, ಬೆಸ್ಟ್ ಬಸ್ಸಿನವರು, ಟ್ಯಾಕ್ಸಿಯವರು, ಹೀಗೆ ಮಹಾನಗರ ಯಾರ ದುಡಿಮೆಯ ಮೇಲೆ ನಡೆಯುತ್ತದೋ ಅವರೆಲ್ಲ ಅವರ ಕರೆಗೆ ಓಗೊಡುವಂತಾಯಿತು. ಜಾರ್ಜ್ ಬಂದ್ ಕರೆದರೆಂದರೆ ಮುಂಬಯಿ ನಿಂತಿತು ಎಂದೇ ಲೆಕ್ಕ.

ಬಂದ್ ಮಾಡಿಸಿದ್ದು ಎಲ್ಲರಿಗೂ ನೆನಪಿರುತ್ತದೆ, ಬ್ಯಾಂಕ್ ಕಟ್ಟಿದ್ದು ನೆನಪಿರುವುದಿಲ್ಲ. 1968ರಲ್ಲಿ ಕಾರ್ಮಿಕರಿಗಾಗಿಯೇ ಒಂದು ಸಹಕಾರಿ ಬ್ಯಾಂಕ್ ಶುರುವಾಗಲು ಅವರು ಮುಂದೆ ನಿಂತರು. ಟ್ಯಾಕ್ಸಿ ಓಡಿಸುವವನಿಗೆ ಆಗ ಯಾವ ಬ್ಯಾಂಕಿನವನೂ ಸಾಲ ಕೊಡುತ್ತಿರಲಿಲ್ಲ. ಜಾಮೀನು ಇಲ್ಲ, ತಿಂಗಳ ಸಂಬಳದ ಚೀಟಿ ಇಲ್ಲ, ಸ್ವಂತ ಮನೆ ಇಲ್ಲ. ಅಂಥವನು ಇನ್ನೊಬ್ಬನ ಗಾಡಿ ಓಡಿಸುವುದನ್ನು ಬಿಟ್ಟು ತನ್ನದೇ ಗಾಡಿಗೆ ಒಡೆಯನಾಗಬೇಕಾದರೆ ಸಂಘವೇ ಸಾಲದ ದಾರಿಯನ್ನೂ ಮಾಡಿಕೊಡಬೇಕು. ಬೇಡಿಕೆ ಪಟ್ಟಿ ಹಿಡಿದು ಕೂಗುವುದರ ಜೊತೆಗೆ ಕೈಗೆ ಸಿಗುವಂಥ ಒಂದು ಏರ್ಪಾಡನ್ನೂ ಮಾಡುವ ಈ ಬುದ್ಧಿ ಮುಂದೆ ಮಂತ್ರಿಯಾದಾಗ ಅವರ ಕೈಹಿಡಿಯಿತು.

ಅಷ್ಟರಲ್ಲಿ ಅವರು ಲೋಕಸಭೆಗೂ ಹೋಗಿಯಾಗಿತ್ತು. 1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರ ಎದುರು ನಿಂತರು. ಪಾಟೀಲರು ಕಾಂಗ್ರೆಸ್ಸಿನ ಭಾರೀ ಕುಳ, ಕೇಂದ್ರ ಮಂತ್ರಿಯಾಗಿದ್ದವರು, ಮುಂಬಯಿಯ ಹಣದ ಕೀಲಿಕೈ ಹಿಡಿದವರೆಂದು ಹೆಸರಾದವರು. ಅವರನ್ನು ಸೋಲಿಸುವುದು ನಿಮ್ಮಿಂದ ಸಾಧ್ಯ ಎಂಬ ಒಂದೇ ಮಾತನ್ನು ಜಾರ್ಜ್ ಕಡೆಯವರು ಮತದಾರರ ಕಿವಿಯಲ್ಲಿ ಮತ್ತೆ ಮತ್ತೆ ಹೇಳಿದರು. ಪಾಟೀಲರು ಸೋತರು. ದೈತ್ಯನನ್ನು ಕೆಡವಿದ ಜಾರ್ಜ್ ಎಂದು ಪತ್ರಿಕೆಗಳು ಕೊಂಡಾಡಿದವು. 1971ರಲ್ಲಿ ಇಂದಿರಾ ಅಲೆ ಎದ್ದಾಗ ಅದೇ ಕ್ಷೇತ್ರ ಅವರನ್ನು ಹೀನಾಯವಾಗಿ ಸೋಲಿಸಿತು. ಸಂಘದಲ್ಲಿ ನಿಮ್ಮ ಹಿಂದೆ ಬರುವ ಕಾರ್ಮಿಕ ಮತಗಟ್ಟೆಯಲ್ಲೂ ನಿಮ್ಮವನೇ ಆಗಿರುತ್ತಾನೆಂಬ ಖಾತರಿ ಇಲ್ಲ.

ಈಗ 1974ಕ್ಕೆ ಬರೋಣ. ರೈಲು ಮುಷ್ಕರ ಏಕೆ ಆಯಿತು? ಬರೀ ಸಂಬಳದ ಪ್ರಶ್ನೆಯಾಗಿರಲಿಲ್ಲ ಅದು. ಆಗಿನ್ನೂ ಉಗಿ ಎಂಜಿನ್ನುಗಳ ಕಾಲ. ಡ್ರೈವರ್ ಪಕ್ಕದಲ್ಲಿ ಫೈರ್‌ಮನ್ ನಿಂತು ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಒಲೆಯ ಬಾಯಿಗೆ ಹಾಕುತ್ತಲೇ ಇರಬೇಕು. ಎದುರಿಗೆ ಬೆಂಕಿ, ಬೆನ್ನಿಗೆ ಗಾಳಿ ಮಳೆ. ಗೂಡ್ಸ್ ಗಾಡಿ ದಾರಿಯಲ್ಲೆಲ್ಲೋ ಸಿಗ್ನಲ್ ಇಲ್ಲದೆ ನಾಲ್ಕು ಗಂಟೆ ನಿಂತರೂ ಇವರು ಇಳಿದು ಹೋಗುವ ಹಾಗಿಲ್ಲ. ಹದಿನಾಲ್ಕು, ಹದಿನಾರು ಗಂಟೆ ಎಂಜಿನ್ನಿನ ಮೇಲೇ ಇರುವುದು ಮಾಮೂಲಿಯಾಗಿತ್ತು. ಬ್ರಿಟಿಷರು ಹಾಕಿಟ್ಟ ಆ ಪದ್ಧತಿ ಸ್ವಾತಂತ್ರ್ಯ ಬಂದು ಕಾಲು ಶತಮಾನವಾದರೂ ಕದಲಿರಲಿಲ್ಲ. ದಿನಕ್ಕೆ ಎಂಟು ಗಂಟೆ ಡ್ಯೂಟಿ, ಇತರ ಸರ್ಕಾರಿ ಉದ್ದಿಮೆಗಳ ನೌಕರರಿಗೆ ಸರಿಸಮನಾದ ಸಂಬಳ, ಬೋನಸ್ಸು: ಇವು ಮುಖ್ಯ ಬೇಡಿಕೆಗಳು. ಜಾರ್ಜ್ 1973ರಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದರು. ಬೇರೆ ಬೇರೆ ಬಣ್ಣದ ಸಂಘಗಳನ್ನೆಲ್ಲ ಒಂದು ಸಮನ್ವಯ ಸಮಿತಿಯ ಕೆಳಗೆ ತಂದರು.

ಮುಷ್ಕರಕ್ಕೆ ಗೊತ್ತಾಗಿದ್ದ ದಿನ ಮೇ 8. ಮಾತುಕತೆ ನಡೆಯುತ್ತಿರುವಾಗಲೇ, ಮೇ 2ರ ಹೊತ್ತಿಗೆ ಜಾರ್ಜ್ ಅವರನ್ನು ಲಖನೌದಲ್ಲಿ ಬಂಧಿಸಿದರು. ಆದರೂ ಮುಷ್ಕರ ನಿಲ್ಲಲಿಲ್ಲ. 17 ಲಕ್ಷ ನೌಕರರ ಇಲಾಖೆಯಲ್ಲಿ 20 ದಿನ ನಡೆದ ಅದು ದೇಶ ಕಂಡ ಅತಿದೊಡ್ಡ ಮುಷ್ಕರಗಳಲ್ಲೊಂದು. ಸರ್ಕಾರ ಕೈಕಟ್ಟಿ ಕೂರಲಿಲ್ಲ. ಸಾವಿರಾರು ಮಂದಿ ಜೈಲು ಸೇರಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಪೊಲೀಸರು ಮನೆಮನೆಗೆ ನುಗ್ಗಿದರು. ಪಾತ್ರೆಪಗಡಿಯ ಸಮೇತ ಹೆಂಗಸರು ಮಕ್ಕಳನ್ನು ಬೀದಿಗೆ ಹಾಕಿದ್ದೂ ಉಂಟು. ಮೇ 27ರಂದು ಒಂದು ಬೇಡಿಕೆಯೂ ಈಡೇರದೆ ಮುಷ್ಕರ ಮುಗಿಯಿತು.

ಸೋತ ಮುಷ್ಕರ ಎಂದು ಪುಸ್ತಕಗಳು ಬರೆಯುತ್ತವೆ. ಮುಂದಿನದನ್ನೂ ನೋಡಬೇಕು. ಮೂರು ವರ್ಷದ ನಂತರ ಜನತಾ ಸರ್ಕಾರ ಬಂದು, ಜಾರ್ಜ್ ಅವರ ಹಳೆಯ ಒಡನಾಡಿ ಮಧು ದಂಡವತೆ ರೈಲ್ವೆ ಮಂತ್ರಿಯಾದಾಗ, ವಜಾ ಆದವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡರು. 1979ರಲ್ಲಿ ರೈಲ್ವೆ ನೌಕರರಿಗೆ ಬೋನಸ್ಸೂ ಬಂತು. ಇವತ್ತು ದಸರಾ ಹೊತ್ತಿಗೆ ರೈಲ್ವೆಯವರ ಮನೆಗೆ ಬರುವ ಬೋನಸ್ಸಿನ ಹಿಂದೆ 1974ರಲ್ಲಿ ಬೀದಿಗೆ ಬಿದ್ದ ಕುಟುಂಬಗಳ ಋಣವಿದೆ.

ತುರ್ತುಪರಿಸ್ಥಿತಿಯ ಕಥೆ ನಿಮಗೆ ಗೊತ್ತಿರುವುದೇ. 1975ರ ಜೂನ್‌ನಲ್ಲಿ ಒಡಿಶಾದ ಗೋಪಾಲಪುರದಲ್ಲಿದ್ದ ಜಾರ್ಜ್ ಅಲ್ಲಿಂದಲೇ ಭೂಗತರಾದರು. ಗಡ್ಡ ಬಿಟ್ಟು, ಪೇಟ ಸುತ್ತಿ, ಸರದಾರ್ಜಿಯಾಗಿ ಊರೂರು ತಿರುಗಿದರು. ಡೈನಮೈಟ್ ಕೂಡಿಹಾಕಿ ಸರ್ಕಾರ ಉರುಳಿಸಲು ಹೊರಟರೆಂಬ ಬರೋಡಾ ಡೈನಮೈಟ್ ಮೊಕದ್ದಮೆ ಅವರ ಮೇಲೆ ಬಂತು. 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಅವರಿಗಾಗಿ ಬೆಲೆ ತೆತ್ತವರು ಕರ್ನಾಟಕದಲ್ಲಿದ್ದರು. ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು, ಅಣ್ಣ ಎಲ್ಲಿದ್ದಾನೆ ಹೇಳು ಎಂದು ಪೊಲೀಸರು ನಡೆದಾಡಲಾಗದಷ್ಟು ಹೊಡೆದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಮ್ಮೆಲ್ಲರ ಮನಸ್ಸಿನಲ್ಲಿ ನಿಂತ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಆ ಜೀವ ಅಲ್ಲಿ ಕುಗ್ಗಿಹೋಯಿತು. ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು. ಹೋರಾಟದ ಇತಿಹಾಸ ಹೇಳುವಾಗ ನಾಯಕನ ಹೆಸರಿನ ಪಕ್ಕದಲ್ಲಿ ಈ ಹೆಸರುಗಳನ್ನೂ ಹೇಳುವುದು ನ್ಯಾಯ.

1977ರ ಚುನಾವಣೆಗೆ ಜಾರ್ಜ್ ಜೈಲಿನಿಂದಲೇ ನಿಂತರು, ಬಿಹಾರದ ಮುಜಫ್ಫರಪುರದಲ್ಲಿ. ಪ್ರಚಾರಕ್ಕೆ ಒಂದು ದಿನವೂ ಹೋಗುವಂತಿರಲಿಲ್ಲ. ಬೇಡಿ ತೊಟ್ಟ ಕೈ ಎತ್ತಿ ಹಿಡಿದ ಅವರ ಫೋಟೋ ಊರೂರಿಗೆ ಹೋಯಿತು. ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಜೈಲಿನಿಂದ ಹೊರಬಂದು ಮಂತ್ರಿಯಾದರು. ಮೊದಲು ಸಂಪರ್ಕ ಖಾತೆ, ಕೆಲವೇ ತಿಂಗಳಲ್ಲಿ ಕೈಗಾರಿಕಾ ಖಾತೆ.

ಕೈಗಾರಿಕಾ ಮಂತ್ರಿ ಜಾರ್ಜ್ ಎಂದರೆ ಎಲ್ಲರೂ ಹೇಳುವುದು ಕೋಕಾ ಕೋಲಾ ಓಡಿಸಿದ ಕಥೆ. ವಿದೇಶಿ ಕಂಪನಿಗಳ ಪಾಲು ನೂರಕ್ಕೆ 40ನ್ನು ಮೀರಬಾರದೆಂಬ ಕಾನೂನು 1973ರಲ್ಲೇ ಬಂದಿತ್ತು. ಅದನ್ನು ಪಾಲಿಸಿ ಎಂದು ಇವರು ಪಟ್ಟು ಹಿಡಿದರು. ಕೋಕಾ ಕೋಲಾ ಹೋಯಿತು, ಐಬಿಎಂ ಕೂಡ ಹೋಯಿತು. ಕೋಲಾದ ಜಾಗಕ್ಕೆ ಸರ್ಕಾರವೇ ‘77’ ಎಂಬ ಪಾನೀಯ ತಂದಿತು. ಅದರ ರುಚಿಯ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ. ಆದರೆ ಜನತಾ ಸರ್ಕಾರ ಹೋದ ಮೇಲೆ ಆ ಪಾನೀಯವೂ ಹೋಯಿತು. ನನ್ನ ಮಟ್ಟಿಗೆ ಕೋಲಾದ ಪ್ರಕರಣ ಅವರ ಮಂತ್ರಿತನದ ದೊಡ್ಡ ಕೆಲಸವಲ್ಲ. ಕಂಪನಿಯನ್ನು ಕಳಿಸುವುದು ಸುಲಭ, ಅದರ ಜಾಗದಲ್ಲಿ ನಿಲ್ಲುವ ವಸ್ತುವನ್ನು ಮಾರುಕಟ್ಟೆಯಲ್ಲಿ ಉಳಿಸುವುದು ಕಷ್ಟ. ಅದಾಗಲಿಲ್ಲ.

ದೊಡ್ಡ ಕೆಲಸ ಬೇರೆ ಇದೆ. ನಿಮ್ಮ ಜಿಲ್ಲಾ ಕೇಂದ್ರಕ್ಕೆ ಹೋದಾಗ ‘ಜಿಲ್ಲಾ ಕೈಗಾರಿಕಾ ಕೇಂದ್ರ’ ಎಂಬ ಬೋರ್ಡು ನೋಡಿರುತ್ತೀರಿ. ಡಿಐಸಿ ಎನ್ನುತ್ತಾರೆ. ಅದು 1977ರ ಡಿಸೆಂಬರ್‌ನಲ್ಲಿ ಜಾರ್ಜ್ ಮಂಡಿಸಿದ ಕೈಗಾರಿಕಾ ನೀತಿಯ ಕೂಸು, 1978ರಲ್ಲಿ ಕಣ್ಣುಬಿಟ್ಟಿತು. ಅದಕ್ಕೆ ಮೊದಲು ಒಂದು ಸಣ್ಣ ಹಂಚಿನ ಭಟ್ಟಿಯೋ ವರ್ಕ್‌ಶಾಪೋ ಹಾಕುವವನು ನೋಂದಣಿಗೆ ಒಂದು ಕಚೇರಿ, ಕಚ್ಚಾ ಮಾಲಿಗೆ ಇನ್ನೊಂದು, ಸಾಲಕ್ಕೆ ಮತ್ತೊಂದು ಎಂದು ಚಪ್ಪಲಿ ಸವೆಸಬೇಕಿತ್ತು. ಇದೆಲ್ಲ ಜಿಲ್ಲೆಯಲ್ಲೇ ಒಂದು ಸೂರಿನಡಿ ಆಗಲಿ ಎಂಬುದು ಆಲೋಚನೆ. ಯಂತ್ರಕ್ಕೆ ಒಂದು ಲಕ್ಷ ರೂಪಾಯಿಯೊಳಗೆ ಬಂಡವಾಳ ಹಾಕುವ ಅತಿಸಣ್ಣ ಘಟಕಗಳಿಗೆ ಬೇರೆಯೇ ಗಮನ ಕೊಡಲಾಯಿತು. ಸಣ್ಣ ಕೈಗಾರಿಕೆಗೆ ಮೀಸಲಾದ ವಸ್ತುಗಳ ಪಟ್ಟಿ 180ರಿಂದ 500 ದಾಟಿತು. ಈ ಕೇಂದ್ರಗಳೆಲ್ಲ ಅಂದುಕೊಂಡಂತೆ ನಡೆದವೆಂದು ಯಾರೂ ಹೇಳಲಾರರು. ಆದರೆ ಟ್ಯಾಕ್ಸಿಯವನಿಗೆ ಬ್ಯಾಂಕ್ ಹುಡುಕಿಕೊಟ್ಟ ಬುದ್ಧಿಯೇ ಇಲ್ಲೂ ಕೆಲಸ ಮಾಡಿದ್ದು ಕಾಣುತ್ತದೆ.

ಇನ್ನು ಕಹಿಯ ಮಾತನ್ನೂ ಹೇಳಬೇಕು. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂತು. ಜಾರ್ಜ್ ಎದ್ದು ನಿಂತು ಸರ್ಕಾರದ ಪರ ಮೈಮೇಲೆ ಬಂದವರಂತೆ ಮಾತಾಡಿದರು. ಅಂಥ ಭಾಷಣ ಅಪರೂಪ ಎಂದು ವಿರೋಧಿಗಳೂ ಒಪ್ಪಿದರು. ಕೆಲವೇ ದಿನಗಳಲ್ಲಿ ಅವರು ಮೊರಾರ್ಜಿಯವರ ಎದುರಾಳಿ ಚರಣ್ ಸಿಂಗ್ ಪಾಳೆಯದಲ್ಲಿದ್ದರು. ಸಂಗಾತಿಗಳ ಒತ್ತಾಯ ಇತ್ತು ನಿಜ, ಆದರೆ ಆ ಕಳಂಕ ಕೊನೆಯವರೆಗೂ ತೊಳೆದುಹೋಗಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ನಿಂತಾಗ ನಾವು ಕನ್ನಡಿಗರೂ ಅವರನ್ನು ಗೆಲ್ಲಿಸಲಿಲ್ಲ. ಗೆದ್ದವರು ಜಾಫರ್ ಷರೀಫ್. ವಿಚಿತ್ರವೆಂದರೆ, ಮುಂದೆ ಇಬ್ಬರೂ ರೈಲ್ವೆ ಮಂತ್ರಿಯಾದವರು.

1989ರ ಡಿಸೆಂಬರ್‌ನಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಜಾರ್ಜ್ ರೈಲ್ವೆ ಮಂತ್ರಿ. ಆ ಸರ್ಕಾರ ಉಳಿದದ್ದು ಒಂದು ವರ್ಷಕ್ಕೂ ಕಡಿಮೆ. ಅಷ್ಟರಲ್ಲೇ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕರಾವಳಿಗೆ ರೈಲು ಬರಬೇಕೆಂಬ ಕೂಗು ಹಳೆಯದು. ಸಹ್ಯಾದ್ರಿಯ ಬುಡ, ಹೆಜ್ಜೆಹೆಜ್ಜೆಗೆ ಹೊಳೆ, ಕುಸಿಯುವ ಮಣ್ಣು, ಸಾಲದ್ದಕ್ಕೆ ಹಣವಿಲ್ಲ ಎಂಬ ಉತ್ತರ. ಬಜೆಟ್ಟಿನ ಚೂರುಪಾರು ಹಣಕ್ಕೆ ಕಾಯುತ್ತ ಕೂತರೆ ಇನ್ನೊಂದು ತಲೆಮಾರು ಕಳೆಯುತ್ತದೆಂದು ಬೇರೆ ದಾರಿ ಹಿಡಿದರು. ಪ್ರತ್ಯೇಕ ನಿಗಮ ಮಾಡಿ, ಮಾರುಕಟ್ಟೆಯಲ್ಲಿ ಬಾಂಡ್ ಎತ್ತುವುದು. ಬಂಡವಾಳದಲ್ಲಿ ರೈಲ್ವೆಗೆ ಶೇಕಡ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6. ಕಾಲವೂ ಕೂಡಿಬಂದಿತ್ತು. ಹಣಕಾಸು ಮಂತ್ರಿ ಅದೇ ದಂಡವತೆ, ಕೊಂಕಣದವರು. ಯೋಜನಾ ಆಯೋಗದ ಉಪಾಧ್ಯಕ್ಷರು ನಮ್ಮ ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ. ಕೆಲಸ ನಡೆಸಲು ಇ. ಶ್ರೀಧರನ್ ಅವರನ್ನು ಆರಿಸಿದರು. 1990ರ ಜುಲೈನಲ್ಲಿ ನಿಗಮ ನೋಂದಣಿಯಾಯಿತು, ಸೆಪ್ಟೆಂಬರ್‌ನಲ್ಲಿ ರೋಹಾದಲ್ಲಿ ಅಡಿಗಲ್ಲು ಬಿತ್ತು.

ಸರ್ಕಾರ ಹೋದರೂ ಕೆಲಸ ನಿಲ್ಲಲಿಲ್ಲ. ಸುಮಾರು 90 ಸುರಂಗ, ಸಣ್ಣದು ದೊಡ್ಡದು ಸೇರಿ 2000ದಷ್ಟು ಸೇತುವೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆಯೊಂದೇ ಎರಡು ಕಿಲೋಮೀಟರಿಗೂ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. 1998ರ ಜನವರಿ 26ರಂದು ಪೂರ್ತಿ ಮಾರ್ಗ ಸಂಚಾರಕ್ಕೆ ತೆರೆಯಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಹುಡುಗ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಮೈಕೈ ನೋಯಿಸಿಕೊಳ್ಳದೆ ಊರಿನ ಕೋಲಕ್ಕೋ ತೆನೆಹಬ್ಬಕ್ಕೋ ಬಂದುಹೋಗುವಂತಾಯಿತು. ಮಂಗಳೂರಿನ ಹೋಟೆಲ್ ಮಾಣಿಗಳ ಸಂಘ ಕಟ್ಟಿದವರು ಆ ಮಾಣಿಯ ಮಕ್ಕಳಿಗೆ ಕೊಟ್ಟದ್ದು ಇದು.

1998ರಿಂದ 2004ರವರೆಗೆ, ನಡುವೆ ಕೆಲವು ತಿಂಗಳು ಬಿಟ್ಟು, ರಕ್ಷಣಾ ಮಂತ್ರಿ. ಅಣ್ವಸ್ತ್ರ ಬೇಡವೆನ್ನುತ್ತಿದ್ದ ಸಮಾಜವಾದಿಯ ಕಾಲದಲ್ಲೇ ಪೋಖರಣ್ ಪರೀಕ್ಷೆ ನಡೆಯಿತು, ಕಾರ್ಗಿಲ್ ಯುದ್ಧವೂ ನಡೆಯಿತು. ಇಲ್ಲೂ ಸಂಘದ ಮನುಷ್ಯ ಒಂದು ಕಡೆ ಎದ್ದು ಕಾಣುತ್ತಾನೆ. ಅವರು ಸಿಯಾಚಿನ್ ನೀರ್ಗಲ್ಲಿಗೆ ಮತ್ತೆ ಮತ್ತೆ ಹೋದರು. ಅಲ್ಲಿನ ಸೈನಿಕರಿಗೆ ಬೇಕಾದ ಹಿಮವಾಹನಗಳ ಕಡತವನ್ನು ದೆಹಲಿಯ ಅಧಿಕಾರಿಗಳು ತಡೆದಿಟ್ಟಿದ್ದು ಗೊತ್ತಾದಾಗ, ನೀವೇ ಮೇಲೆ ಹೋಗಿ ನೋಡಿಬನ್ನಿ ಎಂದು ಅವರನ್ನು ಆ ಚಳಿಗೆ ಅಟ್ಟಿದರು. ಇದನ್ನು ಯಾವ ಆಡಳಿತದ ಪುಸ್ತಕವೂ ಕಲಿಸುವುದಿಲ್ಲ. ದುಡಿಯುವವನ ಜಾಗದಲ್ಲಿ ನಿಂತು ನೋಡು ಎಂಬುದು ಗೇಟ್ ಮೀಟಿಂಗಿನ ಪಾಠ.

ಇದೇ ಅವಧಿಯಲ್ಲಿ ಅವರ ಹೆಸರಿಗೆ ಹೆಚ್ಚು ಮಸಿಯೂ ಮೆತ್ತಿಕೊಂಡಿತು. 2001ರ ಮಾರ್ಚ್‌ನಲ್ಲಿ ತೆಹಲ್ಕಾ ಗುಪ್ತ ಚಿತ್ರೀಕರಣದ ಗದ್ದಲದಲ್ಲಿ ರಾಜೀನಾಮೆ ಕೊಟ್ಟರು, ಅಕ್ಟೋಬರ್‌ನಲ್ಲಿ ಮರಳಿದರು. ಕಾರ್ಗಿಲ್ ಶವಪೆಟ್ಟಿಗೆಗಳ ಖರೀದಿಯ ಆರೋಪ ವರ್ಷಗಟ್ಟಲೆ ಕಾಡಿತು, ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಬರಾಕ್ ಕ್ಷಿಪಣಿ ಖರೀದಿಯಲ್ಲಿ ಅವರ ಮೇಲಿದ್ದ ಪ್ರಕರಣವನ್ನು ಸಿಬಿಐ 2013ರಲ್ಲಿ ಮುಚ್ಚಿತು. ಹಳೆಯ ಗೆಳೆಯರಿಗೆ ಇವೆಲ್ಲಕ್ಕಿಂತ ನೋವಾದದ್ದು 2002ರಲ್ಲಿ ಗುಜರಾತಿನ ಹಿಂಸೆಯ ಚರ್ಚೆಯಲ್ಲಿ ಅವರು ಆಡಿದ ಮಾತಿನಿಂದ. ತುಳಿತಕ್ಕೆ ಒಳಗಾದವರ ಪರ ಜೀವಮಾನವಿಡೀ ಕೂಗಿದ ಗಂಟಲು ಆ ದಿನ ಸರ್ಕಾರದ ವಕೀಲಿಕೆ ಮಾಡಿತು. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳಿದರೆ ಅದು ಅವರಿಗೇ ಮಾಡುವ ಅನ್ಯಾಯ.

ಬದುಕಿದ ರೀತಿಯಲ್ಲಿ ಮಾತ್ರ ಅವರು ಬದಲಾಗಲಿಲ್ಲ. ಸುಕ್ಕುಬಿದ್ದ ಖಾದಿ ಜುಬ್ಬಾ, ತಾವೇ ಒಗೆದುಕೊಂಡದ್ದು. ದೆಹಲಿಯ ಕೃಷ್ಣ ಮೆನನ್ ಮಾರ್ಗದ ಮಂತ್ರಿ ಬಂಗಲೆಗೆ ಗೇಟೇ ಇರಲಿಲ್ಲ. ಬರ್ಮಾದ ನಿರಾಶ್ರಿತರು ಅಲ್ಲಿ ತಂಗಿರುತ್ತಿದ್ದರು. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಹತ್ತು ಭಾಷೆ ಬಲ್ಲ ಆ ಮನುಷ್ಯನ ಮಾತನ್ನೇ ಕಸಿದುಕೊಂಡಿತು. 2019ರ ಜನವರಿ 29ರಂದು ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು.

ಲೆಕ್ಕ ಹಾಕಿದರೆ ಏನು ಉಳಿಯುತ್ತದೆ? ಒಂದು ಬೇಡಿಕೆಯ ಸುತ್ತ ಜನರನ್ನು ಕಟ್ಟುವುದು ಜಾರ್ಜ್ ಅವರಿಗೆ ಗೊತ್ತಿದ್ದಷ್ಟು ನಮ್ಮಲ್ಲಿ ಕೆಲವರಿಗೇ ಗೊತ್ತಿತ್ತು. ಅಧಿಕಾರದ ಸುತ್ತ ಸೇರಿದವರನ್ನು ಕಟ್ಟಿಹಿಡಿಯುವುದು ಅವರಿಗೆ ಬರಲಿಲ್ಲ. ಅದಕ್ಕೇ ಅವರು ಸೇರಿದ, ಕಟ್ಟಿದ ಪಕ್ಷಗಳು ಒಂದಾದ ಮೇಲೊಂದು ಒಡೆದವು. ಸಂಘದಿಂದ ಕಲಿತದ್ದನ್ನು ಖಾತೆಯ ಕೆಲಸಕ್ಕೆ ಹಚ್ಚಿದಾಗಲೆಲ್ಲ ಅವರು ಒಳ್ಳೆಯ ಮಂತ್ರಿ. ಕುರ್ಚಿಯ ಲೆಕ್ಕಾಚಾರಕ್ಕೆ ಇಳಿದಾಗ ಎಲ್ಲರಂಥ ಒಬ್ಬ ರಾಜಕಾರಣಿ.

ಇವತ್ತು ನಮ್ಮ ಊರುಗಳಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಹುಡುಗರಿದ್ದಾರೆ, ಪೌರಕಾರ್ಮಿಕರಿದ್ದಾರೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿದ್ದಾರೆ. ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಒಟ್ಟುಗೂಡಿಸುವವರು ಬೇಕಾಗಿದ್ದಾರೆ. ಕೇಳುತ್ತಿರುವ ಯುವಕ ಯುವತಿಯರಲ್ಲಿ ಯಾರಾದರೂ ಆ ಕೆಲಸಕ್ಕೆ ಮನಸ್ಸು ಮಾಡಿದರೆ, ಜಾರ್ಜ್ ಅವರ ಬದುಕಿನಿಂದ ಬಂದ್ ಮಾಡುವುದನ್ನಷ್ಟೇ ಕಲಿಯಬೇಡಿ, ಬ್ಯಾಂಕ್ ಕಟ್ಟುವುದನ್ನೂ ಕಲಿಯಿರಿ. ಮುಂದೆ ಕುರ್ಚಿ ಸಿಕ್ಕರೆ, ನಿಮ್ಮನ್ನು ಅಲ್ಲಿಗೆ ಕಳಿಸಿದವರು ಯಾರೆಂಬುದನ್ನು ಮರೆಯದಿರಿ.